ಗುಲಾಬಿಗೆ ಒಳ್ಳೆಯದಂತೆ!
ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಬ್ರೈಡಲ್‌ವೇಯಲ್ಲಿ, ಅಂದರೆ ಕುದುರೆ, ಸೈಕಲ್ಲು, ಪಾದಚಾರಿ ಎಲ್ಲರಿಗೂ ಸೇರಿದ ದಾರಿಯಲ್ಲಿ, ನಿನ್ನೆ ತಿರುವು ದಾಟುವಷ್ಟರಲ್ಲಿ ಇನ್ನೂ ಹಬೆಯಾಡುತ್ತಿದ್ದ ಲದ್ದಿಯ ಗುಡ್ಡೆಯೊಂದು ನನ್ನ ಸೈಕಲ್ಲಿನ ಮುಂದಿನ ಚಕ್ರಕ್ಕೆ ಸಿಕ್ಕಿ, ಅರೆಜೀರ್ಣವಾದ ಹುಲ್ಲಿನ ಎಳೆಗಳ ಸಮೇತ ನನಗೆ ಮೊಣಕಾಲಿನಿಂದ ಕನ್ನಡಕದವರೆಗೆ ಅಭಿಷೇಕವಾಯಿತು. 1968ರ ಕಾನೂನು ಇಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟು, ಕುದುರೆ ಸವಾರರಿಗೆ ದಾರಿ ಬಿಡಬೇಕೆಂದು ವಿಧಿಸಿತು. ಬಿಟ್ಟಿದ್ದೇವೆ, ಬೇಲಿಯ ತುರಿಕೆ ಗಿಡಕ್ಕೆ ಮೈಯೊಡ್ಡಿ ನಿಂತು ನಮಸ್ಕಾರವನ್ನೂ ಹೇಳಿದ್ದೇವೆ. ಅಂಗೈಯಗಲದ ನಾಯಿ ಹೇಲನ್ನು ಎತ್ತದಿದ್ದರೆ ದಂಡ ತೆರಬೇಕಾದ ನಾಡಿನಲ್ಲಿ, ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುವ ಪ್ರಾಣಿಯ ಒಡೆಯರಿಗೆ ಹಿಂದಿರುಗಿ ನೋಡುವಷ್ಟು ಸೌಜನ್ಯವೂ ಬೇಡವೇ? ಕೇಳಿದರೆ, ‘ಬರೀ ಹುಲ್ಲಲ್ಲವೇ, ಗುಲಾಬಿಗೆ ಒಳ್ಳೆಯದು’ ಎನ್ನುತ್ತಾರೆ. ಹಾಗಾದರೆ ನನ್ನ ಕನ್ನಡಕದಲ್ಲಿ ಗುಲಾಬಿ ಅರಳುವುದು ಯಾವಾಗ?