ಐನ್‌ಮನೆಯ ಮತ, ಲೈನ್‌ಮನೆಯ ನಿದ್ದೆ

ಕೊಡಗಿನಲ್ಲಿ ವಿಳಾಸದ ತೊಂದರೆಯೇ ಇಲ್ಲದ ನಿವಾಸಿ ಯಾರೆಂದು ಕೇಳಿದರೆ ರೇಡಿಯೊ ಕಾಲರ್ ತೊಟ್ಟ ಕಾಡಾನೆಯನ್ನು ತೋರಿಸಬೇಕು. ಅದು ಇಂದು ಯಾವ ತೋಟದಲ್ಲಿದೆ, ಯಾವ ದಿಕ್ಕಿಗೆ ಹೊರಟಿದೆ ಎಂಬುದು ಅರಣ್ಯ ಇಲಾಖೆಗೆ ತಿಳಿದಿರುತ್ತದೆ. ಅದೇ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ವರ್ಷಗಳಿಂದ ಮಲಗಿ ಏಳುತ್ತಿರುವ ಪಣಿಯೆರವ ಬುಡಕಟ್ಟಿನ ಕುಟುಂಬವೊಂದು ಎಲ್ಲಿ ವಾಸಿಸುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ; ಆಧಾರ್ ಇದ್ದರೂ ಅದರಲ್ಲಿರುವ ವಿಳಾಸ ಹಿಂದೆ ದುಡಿದ ತೋಟದ್ದು.

ಮತದಾರರ ಪಟ್ಟಿಗೆ ಸೇರಲು ನಮೂನೆ 6 ತುಂಬಬೇಕು. ವಿದ್ಯುತ್ ಬಿಲ್ಲು ತನ್ನಿ ಎನ್ನುತ್ತಾರೆ, ಬಿಲ್ಲು ತೋಟದ ಸಾವುಕಾರರ ಹೆಸರಿನಲ್ಲಿದೆ. ಬಾಡಿಗೆ ಕರಾರು ತನ್ನಿ ಎನ್ನುತ್ತಾರೆ, ಲೈನ್‌ಮನೆಗೆ ಬಾಡಿಗೆಯೇ ಇಲ್ಲ. ಹೋಗಲಿ, ಇಲ್ಲೇ ಇದ್ದಾರೆಂದು ಒಂದು ಚೀಟಿ ಬರೆದುಕೊಡಿ ಎಂದರೆ ತೋಟದ ಲೆಕ್ಕ ನೋಡುವ ರೈಟರು ಸಾವುಕಾರರ ಮುಖ ನೋಡುತ್ತಾರೆ, ಸಾವುಕಾರರು ವಕೀಲರ ಮುಖ ನೋಡುತ್ತಾರೆ. ಏಕೆಂದರೆ ಇಂದು ವಿಳಾಸ ಕೇಳಿದವನು ನಾಳೆ ಜಾಗ ಕೇಳುತ್ತಾನೆ ಎಂಬುದು ನಮ್ಮಲ್ಲಿ ಕಾಫಿಯಷ್ಟೇ ಹಳೆಯ ಭಯ.

ಕಾನೂನನ್ನು ತೆರೆದು ನೋಡಿದರೆ ಅದು ಬೇರೆಯದನ್ನೇ ಹೇಳುತ್ತದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮಿನ ಪ್ರಕಾರ, ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ಆದರೂ ಬೆಂಗಳೂರಿನಲ್ಲಿ ನೆಲೆಸಿ ಕೈಲ್‌ಪೊಳ್ದ್ ಹಬ್ಬಕ್ಕೊಮ್ಮೆ, ಪುತ್ತರಿ ಹಬ್ಬಕ್ಕೊಮ್ಮೆ ಮನೆತನದ ಮೂಲಮನೆಯಾದ ಐನ್‌ಮನೆಗೆ ಬಂದು ಹೋಗುವವರ ಹೆಸರು ಪಟ್ಟಿಯಲ್ಲಿ ಅಲುಗಾಡದೆ ಕುಳಿತಿರುತ್ತದೆ. (ನನ್ನ ನೆಂಟರಲ್ಲೇ ಅಂಥವರಿರುವುದರಿಂದ ಈ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ.) ಸೂರೇ ಇಲ್ಲದವರ ವಿಚಾರದಲ್ಲಂತೂ ಚುನಾವಣಾ ಆಯೋಗ ಇನ್ನೂ ಉದಾರಿ: ಅವರು ವಿಳಾಸದ ದಾಖಲೆ ಕೊಡಬೇಕಾಗಿಲ್ಲ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಹೊತ್ತು ಹೋಗಿ ಅವರು ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ ಸಾಕು. ಹಾಗಾದರೆ ಸೂರಿದ್ದೂ ಕಾಗದವಿಲ್ಲದವನು ಮತಕ್ಕಾಗಿ ಲೈನ್‌ಮನೆ ಬಿಟ್ಟು ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ಹಾಸಿಗೆ ಬಿಡಿಸಬೇಕೇನೋ.

ನ್ಯಾಯಾಲಯಗಳು ಸುಮ್ಮನೆ ಕುಳಿತಿಲ್ಲ. ಮತದಾನವು ಕಾಯ್ದೆ ಕೊಟ್ಟ ಹಕ್ಕು ಮಾತ್ರ ಎಂದು 1952ರಲ್ಲೇ ಹೇಳಿದ ಸುಪ್ರೀಂ ಕೋರ್ಟು, 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ, ಪಟ್ಟಿಯಲ್ಲಿದ್ದವರ ಹೆಸರನ್ನು ನೋಟಿಸು ಕೊಡದೆ, ಅವರ ಮಾತು ಕೇಳದೆ ತೆಗೆಯಬಾರದೆಂದಿತು. ಮೂವತ್ತು ವರ್ಷಗಳ ನಂತರ, 2025ರ ಆಗಸ್ಟ್ 14ರಂದು, ಬಿಹಾರದ ಮತದಾರರ ಕರಡು ಪಟ್ಟಿಯಿಂದ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಮೇತ ಪ್ರಕಟಿಸಿ ಎಂದು ಅದೇ ನ್ಯಾಯಾಲಯ ಆದೇಶಿಸಬೇಕಾಯಿತು. ಕಳೆದುಹೋದ ಕೋಳಿಯನ್ನು ಹುಡುಕಲು ಹೊರಟವನಿಗೆ ಕೋಳಿ ಯಾವುದೆಂದು ಹೇಳಿಸಲೂ ದೆಹಲಿಗೆ ಹೋಗಬೇಕಾದ ಕಾಲವಿದು.

ದೆಹಲಿಯ ಮಾತಿರಲಿ, ಅರ್ಜಿ ತಿರಸ್ಕೃತವಾದವನು ಹದಿನೈದು ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಮಡಿಕೇರಿಗೆ ಹೋಗುವುದೇ ಒಂದು ಯಾತ್ರೆ. ಕಾಫಿ ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಅಷ್ಟರಲ್ಲಿ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ, ಚುನಾವಣೆ ಮುಗಿಯುವವರೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ.

ಸೂರಿಲ್ಲದವರಿಗಿರುವ ರಾತ್ರಿ ಪರಿಶೀಲನೆಯನ್ನು ಲೈನ್‌ಮನೆಗೂ ಅನ್ವಯಿಸಿ ಎಂದು ಬುಡಕಟ್ಟಿನವರ ಹಾಡಿಯ ಪರವಾಗಿ ಓಡಾಡುವ ವಕೀಲರೊಬ್ಬರು ಕೇಳಿದರು. ಸಂಜೆ ಆರರ ಮೇಲೆ ಆ ದಾರಿಯಲ್ಲಿ ಆನೆ ಓಡಾಡುತ್ತದೆ, ಬಿಎಲ್‌ಒ ಕೆಲಸ ಮಾಡುವ ಅಂಗನವಾಡಿಯ ಹೆಣ್ಣುಮಗಳೊಬ್ಬಳನ್ನು ಅಲ್ಲಿಗೆ ಕಳುಹಿಸುವುದು ಹೇಗೆಂಬ ಉತ್ತರ ಬಂತು. ಅದು ನಗುವ ಉತ್ತರವಲ್ಲ, ನಿಜ. ಹೀಗಾಗಿ ಆ ಕುಟುಂಬ ಅಲ್ಲೇ ಮಲಗುತ್ತದೆಂಬುದಕ್ಕೆ ಉಳಿದ ಸಾಕ್ಷಿಯೆಂದರೆ, ರಾತ್ರಿ ಹಿತ್ತಲಿನ ಬಾಳೆ ಮುರಿಯಲು ಬಂದು ಅವರ ಬೊಬ್ಬೆಗೆ ಹಿಂದಿರುಗಿದ ಆನೆ. ಅದು ಅಲ್ಲಿತ್ತೆಂಬುದಕ್ಕೆ ಕಾಲರಿನ ದಾಖಲೆಯಿದೆ. ಅರಣ್ಯ ಇಲಾಖೆ ಹದಿನೈದು ದಿನಗಳೊಳಗೆ ದೃಢೀಕೃತ ಪ್ರತಿ ಕೊಟ್ಟರೆ, ವಕೀಲರು ಅದನ್ನೇ ಮೇಲ್ಮನವಿಗೆ ಲಗತ್ತಿಸಲಿದ್ದಾರೆ.