ಖಾಕಿ ಅಂಗಿಯೂ ಡ್ರೈವರ್ ಊಟವೂ

ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಹೋಗುವ ರಾತ್ರಿ ಬಸ್ಸು ಊಟಕ್ಕೆ ಎಲ್ಲಿ ನಿಲ್ಲಬೇಕೆಂಬುದು ಆ ಕಾಲದಲ್ಲಿ ಸಂಪೂರ್ಣವಾಗಿ ಡ್ರೈವರರ ನಾಲಿಗೆಗೆ ಬಿಟ್ಟ ವಿಷಯವಾಗಿತ್ತು. ನಮ್ಮ ಬಸ್ಸಿನ ಡ್ರೈವರರ ನಾಲಿಗೆ ಹಿರಿಯೂರಿನ ಆಸುಪಾಸಿನ ಒಂದು ಧಾಬಾಕ್ಕೆ ಒಲಿದಿತ್ತು. ಬಳ್ಳಾರಿ ರಸ್ತೆ ಕವಲೊಡೆಯುವ ಊರಾದ್ದರಿಂದ ಅಲ್ಲಿ ಲಾರಿಗಳಿಗೆ ಬರವಿರಲಿಲ್ಲ. ಲಾರಿ ನಿಂತ ಕಡೆ ಊಟ ಚೆನ್ನಾಗಿರುತ್ತದೆ ಎಂಬ ಮಾತನ್ನು ನಂಬಿ ನಾನು ಹಲವು ವರ್ಷ ನಡುರಾತ್ರಿ ಒಂದೂವರೆಗೆ ಕಣ್ಣುಜ್ಜಿಕೊಂಡು ಇಳಿದು, ಹಸಿವಿಲ್ಲದೆ ಉಂಡಿದ್ದೇನೆ.

ಧಾಬಾದ ಹಲಗೆಯ ಮೇಲೆ ‘ಪಂಜಾಬಿ’ ಎಂದು ಬರೆದಿತ್ತು. ಅದನ್ನು ನಂಬಿ ಮೊದಲ ಸಲ ನಾನು ತಂದೂರಿ ಒಲೆಯ ಮುಂದೆ ನಿಂತಿದ್ದವರಿಗೆ ನನ್ನ ಹೈಸ್ಕೂಲು ಹಿಂದಿಯಲ್ಲಿ ಇನ್ನೊಂದು ರೊಟ್ಟಿ ಕೇಳಿದಾಗ, ಅವರು ಬೆವರೊರೆಸಿಕೊಳ್ಳುತ್ತ, “ಯಾಕ್ ಸ್ವಾಮಿ, ಕನ್ನಡ ಬರಲ್ವಾ ನಿಮ್ಗೆ?” ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿದ್ದರು. ಅವರು ಹಿರಿಯೂರಿನವರೇ.

ಮೇಜು ಕುರ್ಚಿಗಳ ಗೊಡವೆ ಅಲ್ಲಿರಲಿಲ್ಲ. ಹಗ್ಗದ ಹೊರಸುಗಳಿದ್ದವು, ಹೊರಸಿನ ಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟರೆ ಅದೇ ಮೇಜು. ಈ ಹಲಗೆಯು ಹೊರಸಿನ ಅಗಲಕ್ಕಿಂತ ಎರಡೂ ಕಡೆ ಒಂದೊಂದು ಗೇಣು ಹೆಚ್ಚಿರುತ್ತಿತ್ತಾದ್ದರಿಂದ, ಹೊರಚಾಚಿದ ತುದಿಗೆ ಯಾರಾದರೂ ಮೊಣಕೈ ಊರಿದರೆ ಆಚೆಯ ತುದಿ ಏತದಂತೆ ಮೇಲೆದ್ದು, ದಾಲ್ ಫ್ರೈ, ಈರುಳ್ಳಿ, ಲಿಂಬೆಹೋಳು, ಸ್ಟೀಲಿನ ಜಗ್ಗು ಇವೆಲ್ಲವೂ ಸಾಲಾಗಿ ಮೊಣಕೈ ಊರಿದವನ ತೊಡೆಯ ಮೇಲೆ ಬಂದು ಕೂರುತ್ತಿದ್ದವು. ಲಾರಿ ಡ್ರೈವರುಗಳು ಹಲಗೆಯನ್ನು ಮುಟ್ಟದೆ, ಕಾಲು ಮಡಚಿ, ತಟ್ಟೆಯನ್ನು ಕೈಯಲ್ಲೇ ಹಿಡಿದು ಉಣ್ಣುತ್ತಿದ್ದುದರ ಮರ್ಮ ನನಗೆ ತಿಳಿದದ್ದು ಎರಡು ಪ್ಯಾಂಟು ಹಾಳಾದ ಮೇಲೆ. ಅತ್ತ ಸಿಮೆಂಟಿನ ತೊಟ್ಟಿಯ ಬಳಿ ಯಾರೋ ಆ ಹೊತ್ತಿನಲ್ಲಿ ತಣ್ಣೀರು ಸುರಿದುಕೊಂಡು ಸ್ನಾನ ಮಾಡುತ್ತಿದ್ದರೆ, ಇತ್ತ ಕ್ಲೀನರ್ ಹುಡುಗನೊಬ್ಬ ಕಬ್ಬಿಣದ ಸಲಾಕೆಯಿಂದ ಒಂದೊಂದೇ ಟೈರಿಗೆ ಬಡಿದು, ಸದ್ದಿನಲ್ಲೇ ಗಾಳಿ ಎಷ್ಟಿದೆಯೆಂದು ಅಳೆಯುತ್ತ ಲಾರಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

ಈಗ ಖಾಕಿ ಅಂಗಿಯ ವಿಷಯಕ್ಕೆ ಬರುತ್ತೇನೆ. ನನ್ನ ಸೋದರಮಾವನದು ಹೊಲಿಗೆ ಅಂಗಡಿ. ಬಸ್ ಡಿಪೋದವರ ಸಮವಸ್ತ್ರ ಹೊಲಿದು ಉಳಿದ ಬಟ್ಟೆಯಲ್ಲಿ ಅವರು 1996ರ ದೀಪಾವಳಿಗೆ ನನಗೊಂದು ಅಂಗಿ ಹೊಲಿದುಕೊಟ್ಟರು. ಅಭ್ಯಾಸಬಲದಿಂದ ಎರಡು ಜೇಬು, ಅವುಗಳ ಮೇಲೆ ಮುಚ್ಚಳ, ಭುಜದ ಮೇಲೆ ಪಟ್ಟಿ ಎಲ್ಲವನ್ನೂ ಇಟ್ಟಿದ್ದರು. ಅದನ್ನು ಹಾಕಿಕೊಂಡು ಧಾಬಾದಲ್ಲಿ ಇಳಿದ ರಾತ್ರಿ, ಸಪ್ಲೈಯರ್ ಹುಡುಗ ಓಡಿ ಬಂದು, “ಒಳಗ್ ಬನ್ನಿ ಅಣ್ಣಾ” ಎಂದು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದ. ಬಸ್ಸು ತುಂಬ ಗಿರಾಕಿಗಳನ್ನು ತಂದುಕೊಡುವ ಡ್ರೈವರ್, ಕಂಡಕ್ಟರುಗಳಿಗೆ ಊಟ ಪುಕ್ಕಟೆ ಎಂಬುದೂ, ಅದನ್ನು ಬಡಿಸುವ ಕೋಣೆ ಬೇರೆ ಎಂಬುದೂ ನನಗೆ ಗೊತ್ತಿತ್ತು. ಆದರೆ ಆ ಪರದೆಯ ಹಿಂದೆ ಫ್ಯಾನು ತಿರುಗುತ್ತದೆ, ದಾಲಿನಲ್ಲಿ ತುಪ್ಪ ತೇಲುತ್ತದೆ, ಕೇಳದೆಯೇ ಕೋಳಿ ಸಾರು ಬರುತ್ತದೆ ಎಂಬುದು ಗೊತ್ತಿರಲಿಲ್ಲ. ಮೊದಲ ತುತ್ತಿಗಿಂತ ಮುಂಚೆ ಸತ್ಯ ಹೇಳಿಬಿಡಬೇಕಿತ್ತು. ಮೂರನೆಯ ತುತ್ತಿನ ಹೊತ್ತಿಗೆ ಅದಕ್ಕೆ ಸಮಯ ಮೀರಿತ್ತು.

ಎದುರಿಗೆ ಕುಳಿತಿದ್ದ ಹಿರಿಯ ಡ್ರೈವರೊಬ್ಬರು ಮೂಳೆ ಚೀಪುತ್ತ, “ಯಾವ ಡಿಪೋ ತಮ್ಮಾ?” ಎಂದರು.

“ರಾಣೆಬೆನ್ನೂರ್ರೀ” ಎಂದೆ. ಊರಿನ ಮಟ್ಟಿಗೆ ಅದು ಸುಳ್ಳಲ್ಲ.

“ಹೌದಾ? ನಾನೂ ಅದ ಡಿಪೋ. ಎಂದೂ ನೋಡಿಲ್ಲಲ್ಲ ನಿನ್ನ. ಯಾವ ರೂಟ್ ಮ್ಯಾಲ ಅದೀ?”

ನಾನು ಕೈ ತೊಳೆದು ಬರುತ್ತೇನೆಂದು ಎದ್ದವನು ಕೈ ತೊಳೆಯಲೂ ಇಲ್ಲ, ಬರಲೂ ಇಲ್ಲ. ಹೊರಗಿನ ಕತ್ತಲಲ್ಲಿ ಸಾಲಾಗಿ ನಿಂತಿದ್ದ ಕೆಂಪು ಬಸ್ಸುಗಳಲ್ಲಿ ಒಂದನ್ನು ಹತ್ತಿ, ಮೂರನೆಯ ಸಾಲಿನ ಕಿಟಕಿ ಪಕ್ಕದ ನನ್ನ ಸೀಟಿನಲ್ಲಿ ಕುಳಿತು, ಮುಖದ ಮೇಲೆ ಟವೆಲ್ ಎಳೆದುಕೊಂಡೆ. ಬಸ್ಸು ಹೊರಟಿತು. ಕಂಡಕ್ಟರ್ ಟಾರ್ಚ್ ಬಿಟ್ಟುಕೊಂಡು ತಲೆ ಎಣಿಸುತ್ತ ನನ್ನವರೆಗೂ ಬಂದು, ಅಂಗಿಯ ಮೇಲೆ ಬೆಳಕು ಬಿದ್ದೊಡನೆ ಟಾರ್ಚ್ ಆರಿಸಿ, “ನಮ್ಮೋರು ಯಾರೋ ಮಲಗ್ಯಾರ, ಬಿಡು” ಎಂದು ಡ್ರೈವರರಿಗೆ ಹೇಳಿದ್ದು ಅರೆನಿದ್ರೆಯಲ್ಲಿ ಕೇಳಿಸಿತು. ಅವರು ಟಿಕೆಟ್ ಕೇಳಿದ್ದರೆ ನಾನು ಅಲ್ಲಿಯೇ ಇಳಿಯುತ್ತಿದ್ದೆ. ಕೇಳದಿದ್ದುದರಿಂದ ತುಮಕೂರಿನಲ್ಲಿ ಎಚ್ಚರವಾಯಿತು.

ಆಗಿನ ಹೆದ್ದಾರಿ ಎರಡೇ ಪಥದ್ದು. ಬೆಂಗಳೂರಿನಿಂದ ಹೋಗುವ ಬಸ್ಸುಗಳೂ ಹುಬ್ಬಳ್ಳಿಯಿಂದ ಬರುವ ಬಸ್ಸುಗಳೂ ಸರಿಸುಮಾರು ಅರ್ಧದಾರಿಯಲ್ಲಿ, ಒಂದೇ ಧಾಬಾದ ಒಂದೇ ಅಂಗಳದಲ್ಲಿ, ಒಂದೇ ಬಣ್ಣದಲ್ಲಿ ನಿಲ್ಲುತ್ತಿದ್ದವು ಎಂಬುದನ್ನು ನನ್ನ ಪರವಾದ ವಾದವಾಗಿ ಇಲ್ಲಿ ದಾಖಲಿಸುತ್ತೇನೆ.

ಬೆಳಗಿನ ಆರರವರೆಗೆ ಎಸ್‌ಟಿಡಿ ಕರೆಗೆ ಕಾಲು ದರವಿದ್ದ ಕಾಲ. ಆರಕ್ಕೆ ಹತ್ತು ನಿಮಿಷವಿರುವಾಗ ತುಮಕೂರಿನ ಬೂತೊಂದರಿಂದ ನಮ್ಮ ಪಕ್ಕದ ಮನೆಗೆ ಫೋನು ಮಾಡಿ ಅಪ್ಪನನ್ನು ಕರೆಸಿದೆ. ಅವರು ಆಗಲೇ ಸೈಕಲ್ಲಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಬಂದಿದ್ದರು. “ಚೀಲ ಬಂದೈತಿ, ನೀ ಎಲ್ಲಿ ಅದೀಯೋ?” ಎಂದರು. ಬ್ಯಾಗಿನ ಮೇಲೆ ವಿಳಾಸ ಬರೆದಿರಲೇಬೇಕೆಂಬ ಅವ್ವನ ಹಟ ಅಂದು ಫಲ ಕೊಟ್ಟಿತ್ತು. ವಾರದ ಕೊಳೆಬಟ್ಟೆ ಊರು ಸೇರಿ, ಒಗೆಯಲು ನೆನೆದು, ನಾನು ಮಧ್ಯಾಹ್ನ ಮುಟ್ಟುವ ಹೊತ್ತಿಗೆ ತಂತಿಯ ಮೇಲೆ ಒಣಗುತ್ತಿತ್ತು. ಖಾಕಿ ಅಂಗಿಯನ್ನು ಅಪ್ಪ ಹೊಲಕ್ಕೆ ಹಾಕಿಕೊಂಡು ಹೋಗಲು ಇಟ್ಟುಕೊಂಡರು.

ಆಮೇಲೆ ಸುವರ್ಣ ಚತುಷ್ಪಥ ಯೋಜನೆ ಬಂತು. ಹುಣಸೆ ಮರಗಳು ಉರುಳಿದವು, ರಸ್ತೆ ಅಗಲವಾಯಿತು, ನಡುವೆ ವಿಭಜಕ ಎದ್ದಿತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನೇ ಬದಲಿಸಿ, ನಮ್ಮ ನಾಲ್ಕನ್ನು ನಲವತ್ತೆಂಟು ಮಾಡಿದರು. ಅಲ್ಲಿಯವರೆಗೆ ನಲವತ್ತೆಂಟಾಗಿದ್ದದ್ದು ಶಿರಾಡಿ ಘಾಟಿಯ ಮಂಗಳೂರು ರಸ್ತೆಯಾಗಿದ್ದರಿಂದ, ಹಳೆಯ ಡ್ರೈವರೊಬ್ಬರನ್ನು ಇಂದು ನಲವತ್ತೆಂಟು ಎಲ್ಲಿ ಎಂದು ಕೇಳಿದರೆ ಸಕಲೇಶಪುರಕ್ಕೆ ಕಳಿಸಿಯಾರು. ಸಂಖ್ಯೆಯಿಂದ ಧಾಬಾಗಳಿಗೇನೂ ಆಗಲಿಲ್ಲ. ವಿಭಜಕದಿಂದ ಆಯಿತು: ಒಂದು ದಿಕ್ಕಿನ ಗಿರಾಕಿಗೆ ಊಟ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಕಳೆದ ವರ್ಷ ಸಂಬಂಧಿಕರ ಗೃಹಪ್ರವೇಶಕ್ಕೆಂದು ಹೆಂಡತಿ, ಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ ಹೊರಟಾಗ ಆ ಧಾಬಾ ಇನ್ನೂ ಇರುವುದು ಕಾಣಿಸಿತು, ವಿಭಜಕದ ಆಚೆ. ಮುಂದೆ ಹೋಗಿ ಕೆಳಸೇತುವೆಯಲ್ಲಿ ತಿರುಗಿ ಬಂದೆ. ಸರ್ವಿಸ್ ರಸ್ತೆಗೆ ಇಳಿಯುವ ಸಂದು ತಪ್ಪಿತು. ಮೇಲ್ಸೇತುವೆಯು ನನ್ನನ್ನು ಧಾಬಾದ ತಲೆಯ ಮೇಲಿಂದಲೇ ದಾಟಿಸಿ, ಆಗಷ್ಟೇ ಬಿಟ್ಟುಬಂದಿದ್ದ ಟೋಲಿಗೆ ವಾಪಸು ಒಪ್ಪಿಸಿತು. ಅಲ್ಲಿ ತಿರುಗಿ, ಮತ್ತೆ ಅದೇ ಟೋಲ್. ಫಾಸ್ಟ್ಯಾಗ್ ಬಂದ ಮೇಲೆ ಜಗಳವಾಡಲೂ ಎದುರಿಗೆ ಮನುಷ್ಯರಿಲ್ಲ; ಫೋನು ‘ಟಿಣ್’ ಎನ್ನುತ್ತದೆ, ಮಗಳು ಉಳಿದ ಹಣವನ್ನು ಗಟ್ಟಿಯಾಗಿ ಓದುತ್ತಾಳೆ. ಮೂರನೆಯ ಟಿಣ್ ಆದಾಗ ಹೆಂಡತಿ ತಲೆನೋವೆಂದು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕುಳಿತಳು.

ಕೊನೆಗೂ ಸೇರಿದೆವು. ಅವರಿಬ್ಬರೂ ಫ್ಯಾಮಿಲಿ ರೂಮಿಗೆ ಹೋದರು. ಹೊರಗೆ ಬೇವಿನ ಮರದಡಿ ಎರಡು ಹೊರಸುಗಳು ಉಳಿದಿದ್ದುದನ್ನು ಕಂಡ ನಾನು ಅಲ್ಲಿಯೇ ಕಾಲು ಮಡಚಿ, ನಾಮಕ್ಕಲ್ಲಿನ ಲಾರಿ ಡ್ರೈವರೊಬ್ಬರ ಎದುರಿಗೆ, ಹಲಗೆಗೆ ಮೊಣಕೈ ತಗಲಿಸದೆ, ತಟ್ಟೆಯನ್ನು ಕೈಯಲ್ಲಿ ಹಿಡಿದು ಗಂಭೀರವಾಗಿ ಉಂಡೆ. ಏಳುವಾಗ ಹುಡುಗನೊಬ್ಬ ಬಂದು ನನ್ನ ಅಂಗೈಯಲ್ಲಿ ಒಂದು ಬೀಡಾ ಇಟ್ಟು ಹೋದ. ಹಳೆಯ ಗಿರಾಕಿಯ ಗುರುತು ಹಿಡಿದರೇನೋ ಎಂದು ನನ್ನ ಕಣ್ಣು ತುಂಬುವುದರಲ್ಲಿತ್ತು.

ಗಲ್ಲಾದಲ್ಲಿದ್ದ ಯುವಕ ಹೆಂಡತಿಗೆ ಚಿಲ್ಲರೆ ಕೊಡುತ್ತ, “ಇಬ್ರುದ್ದೇ ಬಿಲ್ ಮೇಡಂ, ಡ್ರೈವರಣ್ಣಂಗೆ ನಮ್ಮಲ್ಲಿ ಫ್ರೀ. ಬರ್ತಾನೂ ಗಾಡಿ ಇಲ್ಲೇ ನಿಲ್ಸೋಕೆ ಹೇಳಿ” ಎಂದ.

ಅವಳು ಏನೂ ತಿದ್ದದೆ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳು. ಕಾರಿನ ಮೂತಿ ಬೆಂಗಳೂರಿನ ಕಡೆಗಿತ್ತು. ಊರಿನ ದಿಕ್ಕಿಗೆ ತಿರುಗಲು ಮತ್ತೆ ಟೋಲ್ ದಾಟಿ ಹೋಗಿ, ದಾಟಿ ಬರಬೇಕು. ನಾಲ್ಕನೆಯ ಟಿಣ್ ಆಯಿತು.

“ಡ್ರೈವರ್” ಎಂದಿತು ಹಿಂದಿನಿಂದ ದನಿ, “ಇದೆಲ್ಲಾ ನಿಮ್ಮ ಸಂಬಳದಲ್ಲಿ ಮುರ್ಕೋತೀನಿ.”