ಸಿಟಿಜನ್ ಡೆವಲಪರ್ ಮಹಾಶಯರಿಗೆ ಸನ್ಮಾನ

ಲೆಕ್ಕಪತ್ರ ವಿಭಾಗದಲ್ಲಿ ವರ್ಷಗಟ್ಟಲೆ ವೋಚರ್ ಪರಿಶೀಲಿಸಿಕೊಂಡು ಬಂದ ಉದ್ಯೋಗಿಗೆ ಅರ್ಧ ದಿನದ ತರಬೇತಿ ಕೊಟ್ಟು, ಚಪ್ಪಾಳೆ ತಟ್ಟಿ, ‘ಸಿಟಿಜನ್ ಡೆವಲಪರ್’ ಎಂಬ ಬಿರುದು ದಯಪಾಲಿಸುವುದು ದೊಡ್ಡ ಕಂಪನಿಗಳಲ್ಲಿ ಈಗ ರೂಢಿಯಾಗಿದೆ. ಸಂಬಳ ಹಳೆಯದು, ವೋಚರಿನ ರಾಶಿಯೂ ಹಳೆಯದು. ಹೊಸದೆಂದರೆ, ವಿಭಾಗಕ್ಕೆ ಬೇಕಾದ ಆ್ಯಪನ್ನು ಇನ್ನು ಮುಂದೆ ಅವರೇ ಕಟ್ಟಿಕೊಳ್ಳಬೇಕು ಎಂಬುದಷ್ಟೇ. ಬ್ರೌಸರ್ ತೆರೆದು, ಬಟನ್ನು, ಪಟ್ಟಿ, ಫಾರಂಗಳನ್ನು ಮೌಸಿನಿಂದ ಎಳೆದು ತಂದು ಕೂರಿಸಿ, ‘ಪಬ್ಲಿಶ್’ ಒತ್ತಿದರೆ ಆ್ಯಪ್ ಸಿದ್ಧ. ಕೋಡ್ ಬರೆಯಬೇಕಾಗಿಲ್ಲ, ಐಟಿ ವಿಭಾಗಕ್ಕೆ ಕೋರಿಕೆಯ ಟಿಕೆಟ್ ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. (ಆ ಕಾಯುವಿಕೆ ಸುಳ್ಳಲ್ಲ, ರಜೆ ಅರ್ಜಿಯ ಪುಟ್ಟ ಆ್ಯಪೊಂದನ್ನು ಕೇಳಿ, ಅದು ಕೈಸೇರುವ ಮೊದಲೇ ನಿವೃತ್ತರಾದವರ ಕತೆ ಯಾವ ಆಫೀಸಿನಲ್ಲಿಲ್ಲ?)

ಪ್ರೋಗ್ರಾಮರ್ ಇಲ್ಲದೆಯೇ ಕೆಲಸ ಸಾಗುತ್ತದೆಂಬ ಈ ಭರವಸೆಯೇನೂ ಹೊಸದಲ್ಲ. 1959ರಲ್ಲಿ ಕೊಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪುಗೊಂಡಾಗಲೂ, ಇಂಗ್ಲಿಷ್ ವಾಕ್ಯಗಳನ್ನು ಹೋಲುವ ಪ್ರೋಗ್ರಾಮನ್ನು ವ್ಯವಹಾರದವರೇ ಓದಿಕೊಳ್ಳುತ್ತಾರೆಂದು ನಂಬಲಾಗಿತ್ತು. ಮ್ಯಾನೇಜರುಗಳು ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಅದನ್ನು ಬಲ್ಲವರದೇ ಒಂದು ಪ್ರತ್ಯೇಕ ವೃತ್ತಿ ಹುಟ್ಟಿಕೊಂಡಿತು. 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳ ಭಾರಕ್ಕೆ ಹಳೆಯ ಕಂಪ್ಯೂಟರುಗಳು ಏದುಸಿರು ಬಿಟ್ಟಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಅವರು ಕೊಬಾಲ್ ಬಲ್ಲ ಸ್ವಯಂಸೇವಕರಿಗಾಗಿ ಬಹಿರಂಗವಾಗಿ ಮೊರೆಯಿಟ್ಟರು. 2014ರಲ್ಲಿ ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆ, ಕೋಡ್ ಅಷ್ಟಾಗಿ ಬರೆಯದೆ ಆ್ಯಪ್ ಕಟ್ಟುವ ಈ ಬಗೆಯನ್ನು ‘ಲೋ-ಕೋಡ್’ ಎಂದು ಕರೆದ ಮೇಲೆ, ಅದೇ ಭರವಸೆ ಹೊಸ ಅಂಗಿ ತೊಟ್ಟು ಮತ್ತೆ ವೇದಿಕೆಗೆ ಬಂತು.

ಈ ಸ್ವಾವಲಂಬನೆಯ ಸೊಗಸನ್ನು ಪೂರ್ತಿ ಸವಿಯಬೇಕಾದರೆ 2021ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್ ಎಂಬ ಲೋ-ಕೋಡ್ ಸಲಕರಣೆ ಬಳಸಿ ಕಟ್ಟಿದ ವೆಬ್ ಪೋರ್ಟಲ್‌ಗಳಿಂದ ಸುಮಾರು 3.8 ಕೋಟಿ ದಾಖಲೆಗಳು ಯಾರು ಬೇಕಾದರೂ ಓದುವಂತೆ ತೆರೆದುಕೊಂಡಿದ್ದವು ಎಂದು ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆ ಆಗ ಪ್ರಕಟಿಸಿತು. ಕೊರೋನಾ ಸಂಪರ್ಕಿತರ ವಿವರ, ಲಸಿಕೆಯ ಸರದಿ, ಕೆಲಸಕ್ಕೆ ಅರ್ಜಿ ಹಾಕಿದವರ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ (ಅಮೆರಿಕದವರ ಆಧಾರ್ ಎನ್ನಿ) ಎಲ್ಲವೂ ಅದರಲ್ಲಿದ್ದವು. ಇಂಡಿಯಾನಾ, ಮೇರಿಲ್ಯಾಂಡ್ ರಾಜ್ಯಗಳು, ನ್ಯೂಯಾರ್ಕ್ ನಗರ, ಫೋರ್ಡ್, ಅಮೆರಿಕನ್ ಏರ್‌ಲೈನ್ಸ್ ಸೇರಿ 47 ಸಂಸ್ಥೆಗಳು ಈ ಔದಾರ್ಯ ಮೆರೆದಿದ್ದವು. ಅವುಗಳಲ್ಲಿ ಮೈಕ್ರೋಸಾಫ್ಟ್ ಕೂಡ ಒಂದು ಎಂಬುದನ್ನು ಓದಿ ಯಾವ ಸಿಟಿಜನ್ ಡೆವಲಪರನಿಗೆ ತಾನೇ ಸಮಾಧಾನವಾಗಿರಲಿಕ್ಕಿಲ್ಲ? ಇಲ್ಲಿ ಯಾವ ಹ್ಯಾಕರನೂ ಬೆವರು ಸುರಿಸಲಿಲ್ಲ. ದತ್ತಾಂಶವನ್ನು ಪಟ್ಟಿಯಾಗಿ ಹಂಚುವ ಸೌಲಭ್ಯವನ್ನು ಆನ್ ಮಾಡಿದವರು, ಅದನ್ನು ಯಾರು ನೋಡಬಹುದೆಂದು ನಿರ್ಬಂಧಿಸುವ ‘ಟೇಬಲ್ ಪರ್ಮಿಷನ್’ ಎಂಬ ಇನ್ನೊಂದು ಗುರುತನ್ನೂ ಹಾಕಬೇಕಿತ್ತು. ಅದು ಮೊದಲಿನಿಂದಲೇ ಆಫ್ ಆಗಿರುತ್ತಿತ್ತು. ಮೇಸ್ತ್ರಿಯು ಮನೆ ಕಟ್ಟಿಕೊಟ್ಟು, ಬಾಗಿಲ ಚಿಲಕವನ್ನು ಮಾತ್ರ ಅಟ್ಟದ ಮೇಲಿಟ್ಟು, ಅದರ ವಿಷಯ ಕೈಪಿಡಿಯಲ್ಲಿದೆ ನೋಡಿಕೊಳ್ಳಿ ಎಂದು ಹೋದ ಹಾಗೆ. ದೂರು ಹೋದಾಗ ಮೈಕ್ರೋಸಾಫ್ಟ್‌ನಿಂದ ಮೊದಲು ಬಂದ ಉತ್ತರವೂ ಅದೇ ಧಾಟಿಯದು: ಇದು ದೋಷವಲ್ಲ, ವಿನ್ಯಾಸವೇ ಹೀಗಿದೆ. ಆಮೇಲೆ ಹೊಸ ಪೋರ್ಟಲ್‌ಗಳಿಗೆ ಚಿಲಕವನ್ನು ಮೊದಲೇ ಜಡಿದುಕೊಡುವ ಏರ್ಪಾಡಾಯಿತು ಎನ್ನುವುದನ್ನೂ ಹೇಳಬೇಕು. ಕೋಡ್ ಬರೆಯಬೇಕಾಗಿಲ್ಲ ಎಂದು ಜಾಹೀರಾತಿನಲ್ಲಿ ಸಾರಿದವರು, ಇದನ್ನು ಯಾರು ನೋಡಬಹುದು ಎಂಬ, ಕೋಡ್ ಬರೆಯುವವನಿಗೆ ಮಾತ್ರ ಹೊಳೆಯಬಹುದಾದ ಈ ಪ್ರಶ್ನೆಯನ್ನು ವೋಚರ್ ಗುಮಾಸ್ತರ ಅಂತಃಪ್ರಜ್ಞೆಗೆ ಬಿಟ್ಟಿದ್ದರು.

ಗೂಗಲ್‌ನ ಆ್ಯಪ್ ಮೇಕರ್ ಎಂಬ ಇಂಥದೇ ಸಲಕರಣೆಯನ್ನು ನಂಬಿದವರ ಪಾಡು ಇನ್ನೂ ಸರಳ. 2021ರ ಜನವರಿಯಲ್ಲಿ ಆ ಸೇವೆಯೇ ಮುಚ್ಚಿತು. ಕಟ್ಟಿದ ಆ್ಯಪನ್ನು ನೇರವಾಗಿ ಬೇರೆಡೆಗೆ ಸಾಗಿಸುವ ದಾರಿಯಿರಲಿಲ್ಲ, ಮತ್ತೆ ಮೊದಲಿನಿಂದ ಕಟ್ಟಬೇಕಿತ್ತು.

ಇಷ್ಟೆಲ್ಲ ಆದ ಮೇಲೆ ಆಡಳಿತ ಮಂಡಳಿಗಳು ಎಚ್ಚೆತ್ತುಕೊಂಡಿವೆ. ಯಾರು ಏನನ್ನು ಕಟ್ಟುತ್ತಿದ್ದಾರೆಂದು ನೋಡಿಕೊಳ್ಳಲು ‘ಸೆಂಟರ್ ಆಫ್ ಎಕ್ಸಲೆನ್ಸ್’ ಎಂಬ ಪೀಠ ಸ್ಥಾಪನೆಯಾಗುತ್ತಿದೆ. ಸಿಟಿಜನ್ ಡೆವಲಪರ್ ಮಹಾಶಯರು ಆ್ಯಪ್ ಕಟ್ಟುವ ಮೊದಲು ಉದ್ದೇಶ, ದತ್ತಾಂಶದ ವರ್ಗೀಕರಣ, ಭದ್ರತೆಯ ವಿವರಗಳನ್ನು ತುಂಬಿ ಐಟಿ ವಿಭಾಗಕ್ಕೆ ಅರ್ಜಿ ಸಲ್ಲಿಸಿ, ಒಪ್ಪಿಗೆ ಬರುವವರೆಗೆ ಕಾಯತಕ್ಕದ್ದು. ಅರ್ಜಿ ಸಲ್ಲಿಸಲೆಂದೇ ಒಂದು ಆ್ಯಪ್ ಇದೆ. ಅದನ್ನು ಕಟ್ಟಿದ ಉದ್ಯೋಗಿ ಬೇರೆ ಕಂಪನಿ ಸೇರಿದ್ದರಿಂದಲೂ, ಅವರ ಲಾಗಿನ್ನನ್ನು ನಿಯಮದಂತೆ ಅಂದೇ ರದ್ದುಪಡಿಸಿದ್ದರಿಂದಲೂ, ಅದು ಸದ್ಯಕ್ಕೆ ತೆರೆದುಕೊಳ್ಳುತ್ತಿಲ್ಲ.